ದಪ್ಪ ಗೋಡೆಯ ಮನೆ: ಹಿತ್ತಿಲ ಮಹಡಿ ಕೋಣೆಗೆ ಪವರ್‌ಲೈನ್ ಅಡಾಪ್ಟರ್ ಮೂಲಕ ವೈಫೈ ಒಯ್ಯಬಹುದೇ?

ಪ್ರಶ್ನೆ (ಚಿತ್ರದುರ್ಗ)

ದೊಡ್ಡಪೇಟೆಯ ನಮ್ಮ ಮನೆಯ ಮುಂಭಾಗ ಹಳೆಯ ಕಲ್ಲಿನ ಕಟ್ಟಡ. ಹಿತ್ತಿಲ ಕಡೆಯ ಮಹಡಿ ಕೋಣೆ ಆಮೇಲೆ ಕಟ್ಟಿಸಿದ್ದು. ಫೈಬರ್ ರೂಟರ್ ಪಡಸಾಲೆಯಲ್ಲಿದ್ದು, ಮಹಡಿ ಕೋಣೆಯಲ್ಲಿ ಕುಳಿತು ಕಚೇರಿ ಕೆಲಸ ಮಾಡುವ ತಂಗಿಗೆ ವೈಫೈ ಸರಿಯಾಗಿ ಸಿಗುವುದಿಲ್ಲ. ನಡುಮನೆಯಲ್ಲಿ ರಿಪೀಟರ್ ಇಟ್ಟರೆ ಸಿಗ್ನಲ್ ಕಡ್ಡಿಗಳು ತುಂಬಿ ಕಾಣುತ್ತವೆಯೇ ಹೊರತು ವೇಗ ಬರುವುದಿಲ್ಲ. ಗೋಡೆ ಕೊರೆಯಲು ಮನೆಯ ಹಿರಿಯರು ಒಪ್ಪುವುದಿಲ್ಲವಾದ್ದರಿಂದ ಪವರ್‌ಲೈನ್ ಅಡಾಪ್ಟರ್ (ಮನೆಯ ವಿದ್ಯುತ್ ತಂತಿಯ ಮೂಲಕವೇ ಇಂಟರ್ನೆಟ್ ಒಯ್ಯುವ ಜೋಡಿ ಸಾಧನ) ತಂದು, ಅದರ ತುದಿಗೆ ಮನೆಯಲ್ಲೇ ಇರುವ ಹಳೆಯ ರೂಟರ್ ಜೋಡಿಸುವ ಯೋಚನೆಯಿದೆ. ಮನೆಗೆ ಮೂರು ಫೇಸ್ ಸಂಪರ್ಕವಿದೆ, ಇನ್ವರ್ಟರ್ ಕೂಡ ಇದೆ. ಇದು ಕೆಲಸ ಮಾಡೀತೇ?

ಉತ್ತರ (ದಾವಣಗೆರೆ, ವಿದ್ಯಾನಗರ)

ಮಾಡಬಹುದು, ಆದರೆ ಅಡಾಪ್ಟರ್ ಕೊಳ್ಳುವ ಮೊದಲು ನಿಮ್ಮ ಮನೆಯ ವೈರಿಂಗ್ ತಿಳಿದುಕೊಳ್ಳಿ. ಮನೆಯ ವಿದ್ಯುತ್ತು 50 ಹರ್ಟ್ಸ್‌ನಲ್ಲಿ ಹರಿಯುವ ಅದೇ ತಂತಿಯ ಮೇಲೆ ಈ ಅಡಾಪ್ಟರ್‌ಗಳು ಸುಮಾರು 2 ಮೆಗಾಹರ್ಟ್ಸ್‌ನಿಂದ ಮೇಲಿನ ತರಂಗಗಳಲ್ಲಿ ದತ್ತಾಂಶವನ್ನು ಕಳಿಸುತ್ತವೆ. ಆದ್ದರಿಂದ ಪಡಸಾಲೆಯ ಸಾಕೆಟ್ಟೂ ಮಹಡಿಯ ಸಾಕೆಟ್ಟೂ ಒಂದೇ ಫೇಸಿನಲ್ಲಿದ್ದರೆ ಫಲಿತಾಂಶ ಚೆನ್ನಾಗಿರುತ್ತದೆ, ಬೇರೆ ಬೇರೆ ಫೇಸಿನಲ್ಲಿದ್ದರೆ ಸಂಪರ್ಕ ತೀರಾ ದುರ್ಬಲವಾಗಬಹುದು ಅಥವಾ ಸಿಗದೆಯೂ ಹೋಗಬಹುದು. ಇನ್ವರ್ಟರ್ ಲೈನಿನ ಸಾಕೆಟ್‌ಗೆ ಒಂದನ್ನೂ ನೇರ ಲೈನಿಗೆ ಇನ್ನೊಂದನ್ನೂ ಹಾಕಿದರೆ, ಕರೆಂಟ್ ಹೋದಾಗ ಒಂದು ತುದಿ ಸತ್ತು ಕೂರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಇದೇನು ಸಣ್ಣ ಮಾತಲ್ಲ.

ಅಡಾಪ್ಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗಾಗಲಿ ವೋಲ್ಟೇಜಿನ ಹಠಾತ್ ಏರಿಕೆ ತಡೆಯುವ ಸರ್ಜ್ ಪ್ರೊಟೆಕ್ಟರ್‌ಗಾಗಲಿ ಚುಚ್ಚಬೇಡಿ. ಸರ್ಜ್ ಪ್ರೊಟೆಕ್ಟರ್ ಆ ತರಂಗಗಳನ್ನೇ ಸೋಸಿಬಿಡುತ್ತದೆ. ಪಕ್ಕದ ಸಾಕೆಟ್‌ನಲ್ಲಿ ಅಗ್ಗದ ಮೊಬೈಲ್ ಚಾರ್ಜರ್ ಇದ್ದರೆ ಅದರ ಗದ್ದಲವೂ ವೇಗವನ್ನು ತಿನ್ನುತ್ತದೆ. ಡಬ್ಬಿಯ ಮೇಲಿನ ಅಂಕಿಗೆ ಮರುಳಾಗಬೇಡಿ: 600 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಎಂದು ಮುದ್ರಿಸಿದ ಹಲವು ಮಾದರಿಗಳಲ್ಲಿ ಕೇಬಲ್ ಚುಚ್ಚುವ ಈಥರ್‌ನೆಟ್ ಕಿಂಡಿ 100 ಎಂಬಿಪಿಎಸ್‌ನದ್ದೇ, ಕೈಗೆ ಸಿಗುವುದು ಅದಕ್ಕಿಂತಲೂ ಕಡಿಮೆ. ಹಾಗಿದ್ದರೂ ವಿಡಿಯೋ ಕರೆಗೆ ಕೆಲವೇ ಎಂಬಿಪಿಎಸ್ ಸಾಕಾದೀತು. ಎರಡೂ ಅಡಾಪ್ಟರ್‌ಗಳನ್ನು ಮೊದಲು ಅಕ್ಕಪಕ್ಕದ ಸಾಕೆಟ್‌ಗಳಲ್ಲಿಟ್ಟು ಜೋಡಣೆಯ ಗುಂಡಿ ಒತ್ತಿ. ಹಾಗೆ ಮಾಡಿದಾಗ ನಿಮ್ಮದೇ ಗುಪ್ತಕೀಲಿ ತಯಾರಾಗುತ್ತದೆ.

ಇನ್ನು ಎರಡನೆಯ ರೂಟರ್. ಅದು ರೂಟರ್ ಆಗಿ ಕೆಲಸ ಮಾಡಬಾರದು, ಬರೀ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಮಾತ್ರ ಹರಡುವ ಸಾಧನ, ಆಗಿರಬೇಕು. ಮೊದಲ ರೂಟರಿನ ವಿಳಾಸ 192.168.1.1 ಆಗಿದ್ದರೆ ಹಳೆಯದಕ್ಕೆ, ಮೊದಲನೆಯದು ತಾನಾಗಿ ಹಂಚುವ ವಿಳಾಸಗಳ ಸಾಲಿನಿಂದ ಹೊರಗಿರುವ 192.168.1.2ರಂತಹ ವಿಳಾಸ ಕೊಟ್ಟು, ಅದರ ಡಿಎಚ್‌ಸಿಪಿಯನ್ನು (ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಅಡಾಪ್ಟರಿನಿಂದ ಬರುವ ಕೇಬಲನ್ನು ಹೊರಗಿನ ಇಂಟರ್ನೆಟ್‌ಗೆಂದಿರುವ ವ್ಯಾನ್ ಕಿಂಡಿಗಲ್ಲದೆ, ಮನೆಯೊಳಗಿನ ಸಾಧನಗಳಿಗೆಂದಿರುವ ಲ್ಯಾನ್ ಕಿಂಡಿಗೆ ಹಾಕಿ. ವಿಳಾಸ, ಡಿಎಚ್‌ಸಿಪಿಯ ಬದಲಾವಣೆಗಳನ್ನು ಹಳೆಯ ರೂಟರನ್ನು ಜಾಲಕ್ಕೆ ಸೇರಿಸುವ ಮೊದಲೇ ಮುಗಿಸಬೇಕು; ಇಲ್ಲದಿದ್ದರೆ ಎರಡೂ ರೂಟರ್‌ಗಳು ವಿಳಾಸ ಹಂಚಲು ಹೊರಟು ಮನೆಯ ಇಂಟರ್ನೆಟ್ಟೇ ಗೊಂದಲಕ್ಕೆ ಬೀಳುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ ಇರಲಿ, 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1ನೇ ಚಾನೆಲ್, ಇನ್ನೊಂದಕ್ಕೆ 6 ಅಥವಾ 11 ಕೊಡಿ.

ಉತ್ತರ (ಹೊಳಲ್ಕೆರೆ)

ಮೇಲಿನವರ ಮಾತೆಲ್ಲ ಸರಿ, ಆದರೂ ನನ್ನ ಮತ ಕೇಬಲ್‌ಗೇ. ಗೋಡೆ ಕೊರೆಯದೆಯೇ ಕಿಟಕಿಯ ಚೌಕಟ್ಟಿನ ಸಂದಿನಿಂದ ಹೊರತೆಗೆದು ಸಜ್ಜೆಯ ಕೆಳಗೆ ಮಹಡಿಗೆ ಒಯ್ಯಬಹುದಲ್ಲವೇ? ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ 100 ಮೀಟರ್ ದೂರದವರೆಗೆ ಗಿಗಾಬಿಟ್ ವೇಗ ಕೊಡುತ್ತದೆ, ಫೇಸಿನ ಹಂಗಿಲ್ಲ. ಬಿಸಿಲಿಗೆ ತಡೆಯುವ, ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯದನ್ನೇ ಕೇಳಿ; ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯ ಅಗ್ಗದ ಕೇಬಲ್ ಬೇಡ. ಹಳೆಯ ರೂಟರನ್ನು ಇದರ ತುದಿಗೂ ಅದೇ ರೀತಿ ಹೊಂದಿಸಬೇಕು.

ಪ್ರಶ್ನೆ ಕೇಳಿದವರು

ಎಲೆಕ್ಟ್ರಿಷಿಯನ್ ನೋಡಿ ಹೇಳಿದಂತೆ, ಪಡಸಾಲೆ ಒಂದು ಫೇಸಿನಲ್ಲೂ ಮಹಡಿ ಇನ್ನೊಂದರಲ್ಲೂ ಇದೆ. ಕಿಟಕಿಯ ದಾರಿಯಲ್ಲಿ ಪಕ್ಕದ ಮನೆಯವರ ಗೋಡೆ ಸೇರಿಕೊಂಡಿರುವುದರಿಂದ ಕೇಬಲ್ ಎಳೆಯಲು ಅವರನ್ನು ಕೇಳಬೇಕಾಗುತ್ತದೆ. ಮಹಡಿಯ ಲೈನನ್ನೇ ಪಡಸಾಲೆಯ ಫೇಸಿಗೆ ಬದಲಾಯಿಸಬಹುದೇ?

ಉತ್ತರ (ದಾವಣಗೆರೆ, ವಿದ್ಯಾನಗರ)

ವಿತರಣಾ ಬೋರ್ಡಿನಲ್ಲಿ ಬದಲಾಯಿಸಬಹುದು, ಆದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಮಾಡಲಿ. ಎರಡು ಫೇಸ್‌ಗಳ ನಡುವೆ 400 ವೋಲ್ಟ್ ಆಸುಪಾಸಿನ ಒತ್ತಡವಿರುತ್ತದೆ, ಕೈಯಾಡಿಸುವ ಜಾಗವಲ್ಲ. ಗೀಸರ್, ಬೋರ್‌ವೆಲ್ ಮೋಟಾರಿನಂತಹ ದೊಡ್ಡ ಹೊರೆಗಳು ಒಂದೇ ಫೇಸಿನ ಮೇಲೆ ಬೀಳದಂತೆ ನೋಡಿಕೊಳ್ಳಲು ಅವರಿಗೆ ಹೇಳಿ. ಅದಕ್ಕಿಂತ ಸುಲಭದ ದಾರಿಯೆಂದರೆ, ಮಹಡಿಯ ಫೇಸಿನಲ್ಲೇ ಇರುವ ಸಾಕೆಟ್ ಕೆಳಗಡೆ ಎಲ್ಲಾದರೂ, ಅಡುಗೆಮನೆಯಲ್ಲೋ ಮೆಟ್ಟಿಲ ಬಳಿಯೋ, ಇದೆಯೇ ಎಂದು ಹುಡುಕಿಸುವುದು. ಇದ್ದರೆ ರೂಟರಿನಿಂದ ಅಲ್ಲಿಯವರೆಗೆ ಮನೆಯೊಳಗೇ ಒಂದು ಕೇಬಲ್ ಹಾಯಿಸಿ ಮೊದಲ ಅಡಾಪ್ಟರನ್ನು ಅಲ್ಲಿಯೇ ಹಾಕಿ. ಹಿಂತಿರುಗಿಸಲು ಒಪ್ಪುವ ಅಂಗಡಿಯಲ್ಲಿ ಕೊಂಡು, ಮೋಟಾರ್ ಓಡುತ್ತಿರುವಾಗಲೂ ಒಮ್ಮೆ ವೇಗ ಅಳೆದು ನೋಡಿ.