ಗಂಟಲು ಊದುತ್ತೆ, ಅಲರ್ಜಿ ಮದ್ದಿಗೆ ಇಳಿಯಲ್ಲ: ತಿಳಿದವರು ಹೇಳಿ

ಪ್ರಶ್ನೆ (ನಾಪೋಕ್ಲು): ತಂಗಿಗೆ 19. ಆಗಾಗ ತುಟಿ, ಗಂಟಲು ಊದುತ್ತೆ. ತುರಿಕೆ, ದದ್ದು ಇಲ್ಲ. ಸೆಟ್ರಿಜಿನ್, ಅವಿಲ್ ಯಾವುದಕ್ಕೂ ಜಗ್ಗಲ್ಲ. ಅಪ್ಪನಿಗೂ ಕೈ ಊದುತ್ತಿತ್ತು. ಯಾವ ಟೆಸ್ಟ್ ಮಾಡಿಸೋದು?

ವೈದ್ಯರು, ವಿರಾಜಪೇಟೆ: ತುರಿಕೆಯಿಲ್ಲದ ಊತ, ಅದೂ ಅಪ್ಪ-ಮಗಳಿಬ್ಬರಿಗೂ ಅಂದರೆ ಮೊದಲ ಅನುಮಾನ ಹೆರೆಡಿಟರಿ ಆಂಜಿಯೊಎಡಿಮಾ, ಅಂದರೆ ವಂಶದಲ್ಲಿ ಬರುವ ಊತದ ಕಾಯಿಲೆ. ಸಿ1 ಇನ್ಹಿಬಿಟರ್ ಅನ್ನುವ ಪ್ರೋಟೀನ್ ಕಡಿಮೆ ಇರುತ್ತೆ, ಇಲ್ಲವೇ ಇದ್ದೂ ಕೆಲಸ ಮಾಡಲ್ಲ. ಅದರಿಂದ ಬ್ರಾಡಿಕಿನಿನ್ ಅನ್ನುವ ರಾಸಾಯನಿಕ ಏರಿ ರಕ್ತನಾಳಗಳಿಂದ ನೀರು ಸೋರುತ್ತೆ. ಅವಿಲ್ ತಡೆಯೋದು ಅಲರ್ಜಿ ತರುವ ಹಿಸ್ಟಮಿನ್ನನ್ನು, ಹಾಗಾಗಿ ಇಲ್ಲಿ ಅದಕ್ಕೆ ಕೆಲಸವಿಲ್ಲ. ಆಗಾಗ ಹೊಟ್ಟೆ ಹಿಂಡಿ ವಾಂತಿ ಬರುತ್ತಾ ಅಂತಲೂ ಕೇಳಿ. ಕರುಳು ಊದಿದ್ದನ್ನು ಅಪೆಂಡಿಕ್ಸ್ ಅಂದುಕೊಂಡು ಆಪರೇಷನ್ ಮಾಡುವುದುಂಟು.

ಲ್ಯಾಬ್ ಕೆಲಸದವರು, ಕುಶಾಲನಗರ: ಮೊದಲು ಸಿ4 ಅನ್ನುವ ಇನ್ನೊಂದು ಪ್ರೋಟೀನಿನ ರಕ್ತ ಪರೀಕ್ಷೆ. ಅದು ಕಡಿಮೆ ಬಂದರೆ ಸಿ1 ಇನ್ಹಿಬಿಟರ್ ಪ್ರಮಾಣ, ಕಾರ್ಯ ಎರಡೂ ಬರೆಸಿಕೊಳ್ಳಿ. ಪ್ರೋಟೀನ್ ಇದ್ದೂ ಕೆಲಸ ಮಾಡದ ಟೈಪ್ 2ರಲ್ಲಿ ಪ್ರಮಾಣ ಸರಿಯಾಗೇ ಇರುತ್ತೆ, ಬರೀ ಅದನ್ನು ನೋಡಿದರೆ ಕಾಯಿಲೆ ತಪ್ಪಿಹೋಗುತ್ತೆ. ಕಾರ್ಯದ ಟೆಸ್ಟಿಗೆ ಸಿಟ್ರೇಟ್ ಟ್ಯೂಬ್, ಅಂದರೆ ನೀಲಿ ಮುಚ್ಚಳದ್ದು. ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ಬೇಗ ಬೇರ್ಪಡಿಸಿ ಫ್ರೀಜ್ ಮಾಡಬೇಕು. ಸ್ಯಾಂಪಲ್ ದಾರಿಯಲ್ಲಿ ಬೆಚ್ಚಗಾದರೆ ಸುಳ್ಳೇ ಕಡಿಮೆ ತೋರಿಸಬಹುದು. ಇಲ್ಲಿಂದ ಕಳಿಸೋದಕ್ಕಿಂತ ಮೈಸೂರಿಗೋ ಬೆಂಗಳೂರಿಗೋ ಹೋಗಿ ಟೆಸ್ಟ್ ಮಾಡುವ ಲ್ಯಾಬಲ್ಲೇ ರಕ್ತ ಕೊಡಿ. ಕಡಿಮೆ ಬಂದರೆ ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳಿ.

ತುರ್ತು ವಿಭಾಗದ ನರ್ಸ್, ಮಡಿಕೇರಿ: ದನಿ ಬದಲಾದರೆ, ಎಂಜಲು ನುಂಗಲು ಕಷ್ಟವಾದರೆ ಆಗಲೇ ಹೊರಡಿ. ಉಸಿರು ಕಟ್ಟುವವರೆಗೆ ಕಾಯಬೇಡಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆದರೆ ಏನೂ ಮಾಡೋಕಾಗಲ್ಲ. ಬ್ರಾಡಿಕಿನಿನ್ ತಡೆಯುವ ಇಕ್ಯಾಟಿಬಂಟ್ ಇಂಜೆಕ್ಷನ್ ಇದ್ದರೆ ದೊಡ್ಡವರಿಗೆ 30 ಮಿ.ಗ್ರಾಂ., ಹೊಟ್ಟೆಯ ಚರ್ಮದಡಿ, ನಿಧಾನಕ್ಕೆ. ಚುಚ್ಚಿಕೊಂಡ ಮೇಲೂ ಆಸ್ಪತ್ರೆಗೆ ಬರಲೇಬೇಕು. ಅದು, ಸಿ1 ಇನ್ಹಿಬಿಟರ್ ಔಷಧ ಎರಡೂ ಸಿಗದಿದ್ದರೆ ಫ್ರೆಶ್ ಫ್ರೋಜನ್ ಪ್ಲಾಸ್ಮಾ (ದಾನಿಗಳ ರಕ್ತದಿಂದ ತೆಗೆದು ಫ್ರೀಜ್ ಮಾಡಿಟ್ಟದ್ದು) ಕೊಡುತ್ತಾರೆ. ಕೆಲವೊಮ್ಮೆ ಅದರಿಂದಲೇ ಊತ ಏರುವುದೂ ಇದೆ, ಹಾಗಾಗಿ ಉಸಿರಾಟದ ಟ್ಯೂಬ್ ಹಾಕಲು ತಯಾರಿರುವ ಕಡೆಯೇ ಕೊಡಬೇಕು. ಪ್ಲಾಸ್ಮಾ ಕರಗಲು ಅರ್ಧ ಗಂಟೆಯಾದರೂ ಬೇಕು. ಹೊರಡುವಾಗಲೇ ಫೋನ್ ಮಾಡಿ ಬ್ಲಡ್ ಗ್ರೂಪ್ ಹೇಳಿಬಿಡಿ. ಕಾಯಿಲೆ ಇನ್ನೂ ಖಚಿತವಾಗಿಲ್ಲವಲ್ಲ, ಡ್ಯೂಟಿ ಡಾಕ್ಟರು ಅಡ್ರಿನಲಿನ್ (ತೀವ್ರ ಅಲರ್ಜಿಗೆ ಕೊಡುವ ಇಂಜೆಕ್ಷನ್) ಕೊಡುತ್ತೇವೆ ಅಂದರೆ ಬೇಡ ಅನ್ನಬೇಡಿ.

ದಂತವೈದ್ಯರು, ಸೋಮವಾರಪೇಟೆ: ಹಲ್ಲು ಕೀಳಿಸೋ ಮುಂಚೆ ಹೇಳಲೇಬೇಕು. ಗಂಟಲು ಅದೇ ದಿನ ಅಲ್ಲದಿದ್ದರೆ ಮಾರನೇ ದಿನವೂ ಊದಬಹುದು. ಮುಂಚೆಯೇ ತಡೆ ಔಷಧ ಕೊಟ್ಟು, ಆಸ್ಪತ್ರೆಯಲ್ಲೇ ಕೀಳಿಸೋದು ಒಳ್ಳೆಯದು.

ಮೆಡಿಕಲ್ ಶಾಪ್, ಗೋಣಿಕೊಪ್ಪ: ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತಂಗಿಗೆ ಬೇಡ. ಅಪ್ಪನ ಬಿಪಿ ಮಾತ್ರೆಯ ಹೆಸರೂ ನೋಡಿ. ಎನಾಲಪ್ರಿಲ್, ರಾಮಿಪ್ರಿಲ್ ಹೀಗೆ ‘ಪ್ರಿಲ್’ ಅಂತ ಮುಗಿದರೆ ಅದೂ ಬ್ರಾಡಿಕಿನಿನ್ ಏರಿಸುತ್ತೆ. ತಾವಾಗೇ ನಿಲ್ಲಿಸದೆ ಡಾಕ್ಟರಿಗೆ ತೋರಿಸಿ ಬದಲಿಸಿಕೊಳ್ಳಲಿ.

ವೈದ್ಯರು, ವಿರಾಜಪೇಟೆ: ಖಚಿತವಾದರೆ ಅಪ್ಪನಿಗೂ ಅಣ್ಣತಮ್ಮಂದಿರಿಗೂ ಸಿ4 ಮಾಡಿಸಿ. ಕಾಯಿಲೆ ಇದ್ದವರ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50, ಗಂಡಾಗಲಿ ಹೆಣ್ಣಾಗಲಿ.