ಲೆದರ್ ಬಾಲ್‌ನಲ್ಲಿ ಆಫ್ ಸ್ಪಿನ್ ಹಾಕಿ ತೋರುಬೆರಳಲ್ಲಿ ಬೊಬ್ಬೆ, ಏನು ಮಾಡಲಿ?

ಹೊಸ_ಆಫ್‌ಸ್ಪಿನ್ನರ್

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಟೆನಿಸ್ ಬಾಲ್‌ನಲ್ಲೇ ಆಡಿಕೊಂಡಿದ್ದವನು ನಾನು. ಎರಡು ತಿಂಗಳಿಂದ ಲೆದರ್ ಬಾಲ್‌ಗೆ ಬಂದಿದ್ದೇನೆ. ಆಫ್ ಸ್ಪಿನ್, ಅಂದರೆ ಬೆರಳಿನಿಂದ ಚೆಂಡು ತಿರುಗಿಸುವ ಬೌಲಿಂಗ್, ಹಾಕುತ್ತೇನೆ. ನೆಟ್ಸ್‌ನಲ್ಲಿ ಏಳೆಂಟು ಓವರ್ ಆಗುವಷ್ಟರಲ್ಲಿ ತೋರುಬೆರಳಿನ ಮೇಲಿನ ಗೆಣ್ಣಿನ ಹತ್ತಿರ, ಮಧ್ಯದ ಬೆರಳಿನ ಕಡೆ ಇರುವ ಬದಿಯಲ್ಲಿ, ಉರಿ ಶುರುವಾಗುತ್ತದೆ. ಇನ್ನೂ ಎರಡು ಓವರ್ ಹಾಕಿದರೆ ಅಲ್ಲಿ ನೀರು ತುಂಬಿದ ಬೊಬ್ಬೆ. ಕಳೆದ ಸಲ ಅದು ಬೌಲಿಂಗ್ ಮಾಡುವಾಗಲೇ ಒಡೆಯಿತು. ಸಿಟ್ಟಿಗೆ ಮೇಲಿನ ಚರ್ಮ ಕಿತ್ತು ಹಾಕಿದೆ. ಆಮೇಲೆ ಮೂರು ದಿನ ಪೆನ್ನು ಹಿಡಿಯುವುದಕ್ಕೂ ಕಷ್ಟ.

ಈಗ ಅದೇ ಜಾಗದಲ್ಲಿ ಮತ್ತೆ ಬಂದಿದೆ, ಕಡಲೆ ಕಾಳಿನಷ್ಟು ದಪ್ಪ. ಭಾನುವಾರ ಮ್ಯಾಚ್ ಇದೆ, ಇನ್ನು ಐದು ದಿನ. ಒಡೆಯಬೇಕಾ, ಬಿಡಬೇಕಾ? ಟೇಪ್ ಸುತ್ತಿಕೊಂಡು ಹಾಕಬಹುದಾ? ಇದು ಬರದ ಹಾಗೆ ಮಾಡುವುದಕ್ಕೆ ಏನಾದರೂ ದಾರಿ ಇದೆಯಾ, ಅಥವಾ ಸ್ಪಿನ್ನರ್ ಹಣೆಬರಹವೇ ಇಷ್ಟಾ?

ಹಳೇ_ಬೆರಳು

ಮೊದಲನೇ ತಪ್ಪು ನೀವೇ ಹೇಳಿಬಿಟ್ಟಿರಿ ಗುರೂ. ಚರ್ಮ ಕೀಳಬಾರದು. ಅದಕ್ಕಿಂತ ಒಳ್ಳೆ ಬ್ಯಾಂಡೇಜ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಟೆನಿಸ್ ಬಾಲ್‌ನಲ್ಲಿ ಬರಲಿಲ್ಲ, ಲೆದರ್‌ನಲ್ಲಿ ಬಂತು ಅಂದರೆ ಕಾರಣ ಸೀಮ್, ಅಂದರೆ ಚೆಂಡಿನ ಹೊಲಿಗೆ. ಎಷ್ಟೇ ತಿರುಗಿಸಿದರೂ ಟೆನಿಸ್ ಬಾಲ್‌ಗೆ ಎದ್ದು ನಿಂತ ಹೊಲಿಗೆ ಇಲ್ಲ, ಭಾರವೂ ಇಲ್ಲ. ಲೆದರ್ ಬಾಲ್ ಹತ್ತಿರ ಹತ್ತಿರ 160 ಗ್ರಾಂ ಇರುತ್ತದೆ, ಅದನ್ನು ತಿರುಗಿಸುವ ಜೋರೆಲ್ಲ ಬೀಳುವುದು ನೀವು ಹೇಳಿದ ಆ ಒಂದು ಬದಿಯ ಮೇಲೆ. ಮಣಿಕಟ್ಟಿನಿಂದ ತಿರುಗಿಸುವ ಲೆಗ್ ಸ್ಪಿನ್ನರ್‌ಗಳಿಗೆ ಇದೇ ಪಾಡು ಉಂಗುರ ಬೆರಳಿಗೆ. ಅಂದ ಹಾಗೆ ನಿಮಗೆ ಬೊಬ್ಬೆ ಸರಿಯಾದ ಜಾಗದಲ್ಲೇ ಬಂದಿದೆ, ಅಂದರೆ ಚೆಂಡನ್ನು ನಿಜವಾಗಿಯೂ ತಿರುಗಿಸುತ್ತಿದ್ದೀರಿ. ಬೆರಳ ತುದಿಯಲ್ಲೋ ಅಂಗೈಯಲ್ಲೋ ಬಂದಿದ್ದರೆ ಮೊದಲು ಗ್ರಿಪ್ ನೋಡಿ ಅನ್ನುತ್ತಿದ್ದೆ.

ಇನ್ನು ಬರದ ಹಾಗೆ ಮಾಡುವುದು. ಭುಜಕ್ಕೆ ಹೇಗೆ ನಿಧಾನವಾಗಿ ಅಭ್ಯಾಸ ಮಾಡಿಸುತ್ತೀರೋ ಚರ್ಮಕ್ಕೂ ಹಾಗೇ ಮಾಡಿಸಬೇಕು, ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರೂ ಮೊದಲ ದಿನವೇ ಹೊಸ ಚೆಂಡು ಹಿಡಿದು ಹನ್ನೆರಡು ಓವರ್ ಹಾಕಿ ಆಮೇಲೆ ಬೆರಳು ಊದಿಕೊಂಡು ಕೂರುತ್ತಾರೆ. ವಾರಕ್ಕೊಂದು ಸಲ ಹತ್ತು ಓವರ್ ಹಾಕುವ ಬದಲು ದಿನ ಬಿಟ್ಟು ದಿನ ಮೂರ್ನಾಲ್ಕು ಓವರ್ ಹಾಕಿ. ಹಳೇ ಚೆಂಡಿನಲ್ಲಿ ಶುರು ಮಾಡಿ, ಅದರ ಸೀಮ್ ಸವೆದಿರುತ್ತದೆ. ಮನೆಯಲ್ಲಿ ಟಿವಿ ನೋಡುವಾಗ ಒಂದು ಕೈಯಿಂದ ಇನ್ನೊಂದು ಕೈಗೆ ಸುಮ್ನೆ ಚೆಂಡು ತಿರುಗಿಸುತ್ತಾ ಇರಿ. ಹೆಂಡತಿ ಬೈಯುತ್ತಾಳೆ, ಪರವಾಗಿಲ್ಲ. ಕೆಲವು ವಾರದಲ್ಲಿ ಆ ಜಾಗ ಜಡ್ಡುಗಟ್ಟುತ್ತದೆ. ಆಮೇಲೆ ಈ ಕಾಟ ಬಹಳ ಕಡಿಮೆ.

ಇನ್ನೊಂದು, ಉರಿ ಶುರುವಾದ ಕ್ಷಣ ನಿಲ್ಲಿಸಿ. "ಇನ್ನೂ ಎರಡು ಓವರ್" ಅಂದಿರಲ್ಲ, ಬೊಬ್ಬೆ ಬಂದಿದ್ದು ಆ ಎರಡು ಓವರ್‌ನಲ್ಲೇ.

ಡ್ರೆಸ್ಸಿಂಗ್_ರೂಮ್_ನರ್ಸ್

ನಾನು ನರ್ಸ್, ವಾರಾಂತ್ಯಕ್ಕೆ ಆಟವನ್ನೂ ಆಡುತ್ತೇನೆ. ಮೊದಲು ಒಡೆಯಬೇಕಾ ಬೇಡವಾ ಅನ್ನುವುದು.

ಚಿಕ್ಕದಾಗಿದ್ದು ನೋವಿಲ್ಲದಿದ್ದರೆ ಮುಟ್ಟಲೇಬೇಡಿ. ಒಳಗಿನ ನೀರು ತಾನೇ ಇಂಗುತ್ತದೆ, ಕೆಳಗೆ ಹೊಸ ಚರ್ಮ ಬರುತ್ತದೆ. ಆದರೆ ನಿಮ್ಮದು ದಪ್ಪಗಿದೆ, ಚೆಂಡು ಹಿಡಿಯುವ ಜಾಗದಲ್ಲೇ ಇದೆ, ಒತ್ತಿದರೆ ನೋವು ಇರಬೇಕು. ಹಾಗಿದ್ದರೆ ನೀರು ತೆಗೆಯಬಹುದು. ಕೈಯನ್ನೂ ಬೊಬ್ಬೆಯನ್ನೂ ಸೋಪು ಹಾಕಿ ತೊಳೆಯಿರಿ. ಹೊಸ ಸೂಜಿ ತೆಗೆದುಕೊಂಡು ಸ್ಪಿರಿಟ್‌ನಲ್ಲಿ ಒರೆಸಿ. ನಡುವೆ ಚುಚ್ಚಬೇಡಿ, ಅಂಚಿನಲ್ಲಿ ಎರಡು ಮೂರು ಕಡೆ ಸಣ್ಣದಾಗಿ ಚುಚ್ಚಿ, ಹತ್ತಿಯಿಂದ ಮೆಲ್ಲಗೆ ಒತ್ತಿ ನೀರು ಬರಲು ಬಿಡಿ. ಮೇಲಿನ ಚರ್ಮ ಹಾಗೇ ಇರಲಿ. ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟದಂಥ ಪಟ್ಟಿ ಹಾಕಿ ಮುಚ್ಚಿ. ದಿನಕ್ಕೊಂದು ಸಲ ಬಿಚ್ಚಿ ನೋಡಿ, ಪಟ್ಟಿ ಒದ್ದೆಯಾದರೆ ಬದಲಾಯಿಸಿ. ಮೆಡಿಕಲ್ ಸ್ಟೋರ್‌ನಲ್ಲಿ ಹೈಡ್ರೋಕೊಲಾಯ್ಡ್ ಪಟ್ಟಿ ಅಂತ ಸಿಗುತ್ತದೆ, ಜೆಲ್ ತರಹದ್ದು. ಅದನ್ನು ಕೆಲವು ದಿನ ಹಾಗೇ ಬಿಡಬಹುದು. ಆದರೆ ಕೀವಿನ ಅನುಮಾನ ಇದ್ದರೆ ಅದು ಬೇಡ.

ಒಳಗೆ ರಕ್ತ ತುಂಬಿದ್ದರೆ ಚುಚ್ಚಬೇಡಿ. ಸಕ್ಕರೆ ಕಾಯಿಲೆ ಇದ್ದರೆ ನೀವೇ ಸೂಜಿ ಹಿಡಿಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಸುತ್ತ ಕೆಂಪು ಹರಡುತ್ತಿದ್ದರೆ, ಬೆರಳು ಬಿಸಿಯಾಗಿ ಊದಿದರೆ, ಹಳದಿ ಕೀವು ಕಂಡರೆ, ಕೆಂಪು ಗೆರೆ ಕೈ ಮೇಲಕ್ಕೆ ಹತ್ತುತ್ತಿದ್ದರೆ, ಜ್ವರ ಬಂದರೆ ಅವತ್ತೇ ತೋರಿಸಿ. ಬೆರಳಿನ ಸೋಂಕನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಐದು ದಿನದಲ್ಲಿ ಬೌಲಿಂಗ್? ವಾಸಿಯಾಗಬಹುದು, ಆಗದೆಯೂ ಇರಬಹುದು. ಶನಿವಾರ ಬೆಳಿಗ್ಗೆ ಒಂದು ಓವರ್ ಹಾಕಿ ನೋಡಿ, ಆಗ ಬೆರಳೇ ಹೇಳುತ್ತದೆ.

ಗೂಗ್ಲಿ_ಗೋವಿಂದ

ಎಲ್ಲರೂ ಇಷ್ಟು ಜಾಣತನದಿಂದ ಮಾತಾಡುತ್ತಿದ್ದೀರಿ, ನನ್ನ ದಡ್ಡತನವನ್ನೂ ಕೇಳಿ. ಟೀಮಿನಲ್ಲಿ ಒಬ್ಬ ಸೀನಿಯರ್ "ಫೆವಿಕ್ವಿಕ್ ಹಾಕು, ಒಂದೇ ನಿಮಿಷ" ಅಂದ. ಒಡೆದ ಬೊಬ್ಬೆಯ ಮೇಲೆ ಹಾಕಿದೆ. ಆ ಉರಿ ಇದೆಯಲ್ಲ, ಮೈದಾನದ ಆ ತುದಿಗೆ ಕೇಳುವ ಹಾಗೆ ಕಿರುಚಿದೆ. ಮೇಲಿಂದ ಉಂಗುರ ಬೆರಳು ಮಧ್ಯದ ಬೆರಳಿಗೆ ಅಂಟಿಕೊಂಡಿತು. ಆಸ್ಪತ್ರೆಯಲ್ಲಿ ಗಾಯಕ್ಕೆ ಅಂಟು ಹಾಕುತ್ತಾರೆ ನಿಜ, ಆದರೆ ಅದು ಬೇರೆ ಮಾಲು.

ಸರ್ಜಿಕಲ್ ಸ್ಪಿರಿಟ್ ಮಾತ್ರ ನನಗೆ ಉಪಯೋಗವಾಯಿತು. ಬೊಬ್ಬೆ ಇಲ್ಲದಾಗ, ದಿನಾ ರಾತ್ರಿ ಹತ್ತಿಯಲ್ಲಿ ಅದ್ದಿ ಆ ಜಾಗಕ್ಕೆ ಸವರುತ್ತಿದ್ದೆ. ಚರ್ಮ ಗಟ್ಟಿಯಾಯಿತು. ಅಮೆರಿಕದ ಬೇಸ್‌ಬಾಲ್ ಪಿಚರ್ ನೋಲನ್ ರಯಾನ್ ಇದೇ ಕೆಲಸಕ್ಕೆ ಉಪ್ಪಿನಕಾಯಿ ನೀರಿನಲ್ಲಿ ಬೆರಳು ಅದ್ದುತ್ತಿದ್ದರಂತೆ. ನಾನು ಅಷ್ಟು ದೂರ ಹೋಗಲಿಲ್ಲ.

ಹಳೇ_ಬೆರಳು

@ಗೂಗ್ಲಿ_ಗೋವಿಂದ ಸ್ಪಿರಿಟ್ ವಿಷಯದಲ್ಲಿ ನನ್ನದು ಸ್ವಲ್ಪ ತಕರಾರು. ಜಾಸ್ತಿ ಹಾಕಿದರೆ ಚರ್ಮ ಒಣಗಿ ಬಿರುಕು ಬಿಡುತ್ತದೆ, ಬಿರುಕು ಬೊಬ್ಬೆಗಿಂತ ನಿಧಾನವಾಗಿ ಮಾಯುತ್ತದೆ. ಜಡ್ಡು ಕೂಡ ಬೆಳೆಯುತ್ತಾ ಹೋಗಬಾರದು. ದಪ್ಪಗಾದರೆ ಅದರ ಅಂಚು ಸೀಮ್‌ಗೆ ಸಿಕ್ಕಿ ಸಿಪ್ಪೆಯ ಹಾಗೆ ಏಳುತ್ತದೆ, ಇಲ್ಲವೇ ಜಡ್ಡಿನ ಅಡಿಯಲ್ಲೇ ಬೊಬ್ಬೆ ಬರುತ್ತದೆ. ಅದರ ನೋವು ಅನುಭವಿಸಿದವನಿಗೇ ಗೊತ್ತು. 2017ರಲ್ಲಿ ಬೆಂಗಳೂರು ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಆಫ್ ಸ್ಪಿನ್ನರ್ ನೇಥನ್ ಲಯನ್ 50 ರನ್‌ಗೆ 8 ವಿಕೆಟ್ ತೆಗೆದರಲ್ಲ, ಆ ಪಂದ್ಯದಲ್ಲೇ ಅವರ ತೋರುಬೆರಳಿನ ಜಡ್ಡು ಕಿತ್ತುಹೋಗಿತ್ತು. ಹಾಗಾಗಿ ವಾರಕ್ಕೊಮ್ಮೆ ಸ್ನಾನ ಆದ ಮೇಲೆ, ಚರ್ಮ ಮೆತ್ತಗಿರುವಾಗ, ಉಗುರು ಉಜ್ಜುವ ಫೈಲಿನಿಂದ ಮೆಲ್ಲಗೆ ಸಮ ಮಾಡಿ. ಬ್ಲೇಡ್ ಬೇಡ.

ಬಿಳಿ_ಟೋಪಿ

ನಾನು ಕ್ಲಬ್ ಮ್ಯಾಚ್‌ಗಳಲ್ಲಿ ಅಂಪೈರ್. ಟೇಪ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ.

ಬೌಲಿಂಗ್ ಕೈಗೆ ಏನನ್ನಾದರೂ ಸುತ್ತಿಕೊಂಡು ಅಥವಾ ಸವರಿಕೊಂಡು ಬಂದರೆ ಮೊದಲು ಅಂಪೈರ್‌ಗೆ ಹೇಳಿ. ಹೆಚ್ಚಿನವರು ಬೌಲಿಂಗ್ ಮಾಡುವಾಗ ಬಿಚ್ಚಿಸುತ್ತಾರೆ, ನಾನೂ ಬಿಚ್ಚಿಸುತ್ತೇನೆ. ಫೀಲ್ಡಿಂಗ್ ಮಾಡುವಾಗ ಹಾಕಿಕೊಳ್ಳಿ, ಓವರ್‌ಗೆ ಬರುವಾಗ ತೆಗೆಯಿರಿ. ನೆಟ್ಸ್‌ನಲ್ಲಿ ನಿಮ್ಮಿಷ್ಟ.

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. 2023ರ ಫೆಬ್ರವರಿಯಲ್ಲಿ ನಾಗಪುರ ಟೆಸ್ಟ್‌ನಲ್ಲಿ ಜಡೇಜ ಊದಿದ ಬೆರಳಿಗೆ ಕ್ರೀಮ್ ಸವರಿಕೊಂಡರು. ಅಂಪೈರ್‌ಗೆ ಕೇಳಿರಲಿಲ್ಲ. ಪಂದ್ಯದ ಶುಲ್ಕದಲ್ಲಿ 25% ದಂಡ. ಚೆಂಡಿಗೆ ಏನೂ ಆಗಿಲ್ಲ ಅಂತ ರೆಫರಿ ಒಪ್ಪಿದರೂ ದಂಡ ತಪ್ಪಲಿಲ್ಲ. ಅದೇ ವರ್ಷ ಜೂನ್‌ನಲ್ಲಿ, ಆಶಸ್‌ನ ಎಜ್‌ಬಾಸ್ಟನ್ ಟೆಸ್ಟ್‌ನಲ್ಲಿ, ಇಂಗ್ಲೆಂಡಿನ ಆಫ್ ಸ್ಪಿನ್ನರ್ ಮೊಯಿನ್ ಅಲಿ ಕೈ ಒಣಗಿಸುವ ಸ್ಪ್ರೇ ಹೊಡೆದುಕೊಂಡರು, ಅವರಿಗೂ ಅಷ್ಟೇ ದಂಡ. ಅವರ ಕಥೆ ನಿಮ್ಮದೇ. ಟೆಸ್ಟ್ ಬಿಟ್ಟು ಒಂದೂವರೆ ವರ್ಷದ ಮೇಲಾಗಿತ್ತು, ನಿವೃತ್ತಿಯಿಂದ ವಾಪಸ್ ಬಂದವರೇ ಒಂದೇ ಇನಿಂಗ್ಸ್‌ನಲ್ಲಿ 30ಕ್ಕೂ ಹೆಚ್ಚು ಓವರ್ ಹಾಕಿದರು. ಅದೇ ತೋರುಬೆರಳು, ಅದೇ ಬೊಬ್ಬೆ, ಆಮೇಲೆ ಹಿಡಿತವೇ ಸಿಗಲಿಲ್ಲ. ಅಷ್ಟು ಅನುಭವ ಇದ್ದವರಿಗೇ ಹೀಗಾದರೆ ಎರಡು ತಿಂಗಳ ಚರ್ಮ ಏನು ಮಾಡೀತು ಹೇಳಿ.

ಬೆವರಿನ ಕೈ ಇದ್ದವರು ಒಂದು ಚಿಕ್ಕ ಟವೆಲ್ ಇಟ್ಟುಕೊಳ್ಳಿ, ಪ್ರತಿ ಬಾಲ್‌ಗೂ ಬೆರಳು ಒರೆಸಿಕೊಳ್ಳಿ. ಚರ್ಮ ಹಸಿಯಾಗಿದ್ದಾಗ ಉಜ್ಜಾಟ ಜಾಸ್ತಿ. ಅದಕ್ಕೆ ಯಾವ ಅಂಪೈರೂ ಬೇಡ ಅನ್ನುವುದಿಲ್ಲ.

ಹೊಸ_ಆಫ್‌ಸ್ಪಿನ್ನರ್

ಎಲ್ಲರಿಗೂ ಥ್ಯಾಂಕ್ಸ್. ಮಂಗಳವಾರ ರಾತ್ರಿ ನರ್ಸ್ ಮೇಡಂ ಹೇಳಿದ ಹಾಗೆ ಅಂಚಿನಲ್ಲಿ ಚುಚ್ಚಿ ನೀರು ತೆಗೆದೆ, ಚರ್ಮ ಕೀಳಲಿಲ್ಲ. ಕೀಳಬೇಕು ಅಂತ ಕೈ ತುರಿಸುತ್ತಿತ್ತು, ನಿಜ ಹೇಳುತ್ತೇನೆ. ಗುರುವಾರಕ್ಕೆ ಚಪ್ಪಟೆಯಾಗಿ ಒಣಗಿತ್ತು. ಶನಿವಾರ ಹಳೇ ಚೆಂಡಿನಲ್ಲಿ ಒಂದು ಓವರ್ ಹಾಕಿ ನೋಡಿದೆ, ನಾಲ್ಕನೇ ಬಾಲ್‌ಗೆ ಸಣ್ಣಗೆ ಉರಿ. ಕ್ಯಾಪ್ಟನ್‌ಗೆ ಹೇಳಿದೆ. ಅವನು ಮುಖ ಸಿಂಡರಿಸಿದ, ಆದರೆ ಭಾನುವಾರ ಮೂರೇ ಓವರ್ ಕೊಟ್ಟ, ಅದೂ ಚೆಂಡು ಹಳೆಯದಾದ ಮೇಲೆ. ಒಂದು ವಿಕೆಟ್ ಸಿಕ್ಕಿತು. ಬೆರಳು ಕೆಂಪಗಾಗಿದೆ, ಬೊಬ್ಬೆ ಬಂದಿಲ್ಲ.

ಈಗ ಟಿವಿ ಮುಂದೆ ಚೆಂಡು ತಿರುಗಿಸುವುದು ಶುರು ಮಾಡಿದ್ದೇನೆ. ಮದುವೆ ಆಗಿಲ್ಲ, ಬೈಯುವುದು ಅಮ್ಮ.

ಹಳೇ_ಬೆರಳು

ಮೂರು ಓವರ್ ಸಾಕು ಈಗ. ಮುಂದಿನ ವಾರ ನಾಲ್ಕು ಕೇಳಿ, ಎಂಟು ಕೇಳಬೇಡಿ.