ಎಲ್‌ಎಂ358 ಬಫರ್ 3.6 ವೋಲ್ಟ್‌ಗೇ ನಿಲ್ಲತದ, ಯಾಕ?

ಪ್ರಶ್ನೆ, ವಿಜಯಪುರ:
ತಿಕೋಟಾದಾಗ ದ್ರಾಕ್ಷಿ ತೋಟದ ಡ್ರಿಪ್ ಕಂಟ್ರೋಲರ್ ಅದ. ಅದರ 12 ವೋಲ್ಟ್ ಬ್ಯಾಟರಿಯನ್ನ ಆರ್ಡುಯಿನೋ ಊನೋ (ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್) ಎ0 ಪಿನ್ನಿನಾಗ ಓದಬೇಕು. ಮ್ಯಾಲೆ 200 ಕೆ (ಕಿಲೋ ಓಮ್), ಕೆಳಗ 100 ಕೆ ರೆಸಿಸ್ಟರ್ ಹಾಕಿ ವೋಲ್ಟೇಜ್ ಮೂರನೇ ಒಂದಕ್ಕ ಇಳಸೂ ಡಿವೈಡರ್ ಮಾಡೀನಿ. ಬ್ಯಾಟರಿ 12.6 ಇದ್ದಾಗ ಮಲ್ಟಿಮೀಟರ್ 4.17 ತೋರಸ್ತದ. ಅಲ್ಲೇ 10 ಕೆ ಓಮ್‌ನ ಪ್ಯಾನಲ್ ಮೀಟರ್ ಹಚ್ಚಿದ್ರ 0.55ಕ್ಕ ಬೀಳ್ತದ. ಅದಕ್ಕ ನಡುವ ಎಲ್‌ಎಂ358 ಆಪ್-ಆಂಪ್ (ವರ್ಧಕ) ಐಸಿ ಬಫರ್ ಆಗಿ ಹಾಕೀನಿ: ಪಿನ್ 1, 2 ಜೋಡಿಸಿ, 3ಕ್ಕ ಡಿವೈಡರ್, 8ಕ್ಕ 5 ವೋಲ್ಟ್, 4 ಗ್ರೌಂಡ್. ಈಗ ಔಟ್‌ಪುಟ್ 3.6 ದಾಟವಲ್ದು. ಐಸಿ ಸುಟ್ಟದೇನ್ರಿ?

ಉತ್ತರ, ಬೆಳಗಾವಿ:
ಸುಟ್ಟಿಲ್ರಿ. ಪಿನ್ 3ರಾಗ ಎಷ್ಟು ಐತೋ ಅಷ್ಟು ಪಿನ್ 2ರಾಗ ಬರೂತನಕ ಆಪ್-ಆಂಪ್ ಔಟ್‌ಪುಟ್ ಏರಸತೈತಿ. ಲೋಡಿಗೆ ಬೇಕಾದ ಕರೆಂಟ್ ಪಿನ್ 8ರಿಂದ ಬರತೈತಿ, ಡಿವೈಡರ್‌ನಿಂದ ಅಲ್ಲ. ಬಫರ್ ಅಂದ್ರ ಇಷ್ಟ. ಆದ್ರ ಎಲ್‌ಎಂ358 ತನ್ನ ಸಪ್ಲೈಗಿಂತ ಸುಮಾರು 1.5 ವೋಲ್ಟ್ ಕೆಳಗ ನಿಲ್ಲತೈತಿ, ಇನ್‌ಪುಟ್‌ಗೂ ಅದ ಮಿತಿ. ನಿಮ್ಮ 4.2 ಅದರ ಕೈಗೆ ಎಟುಕೂದಿಲ್ಲ.

ಖಾತ್ರಿ ಬೇಕಂದ್ರ ಪಿನ್ 2, 3ರ ನಡುವ ಅಳೀರಿ. ಸರಿ ಇದ್ದ ಬಫರ್‌ನಾಗ ಕೆಲವು ಮಿಲಿವೋಲ್ಟ್ ಅಷ್ಟ, ನಿಮ್ಮದರಾಗ 0.6ರ ಆಸುಪಾಸು ಬರತೈತಿ.

ಪಿನ್ 8ನ್ನ ಬ್ಯಾಟರಿಗೇ ಕೊಡ್ರಿ. ಆದ್ರ 100 ಕೆ ಕಾಲಿನ ಬೆಸುಗೆ ಬಿಟ್ಟರ ಔಟ್‌ಪುಟ್ 10 ವೋಲ್ಟ್ ದಾಟಿ ಊನೋದ ಪಿನ್ ಹೋಗತೈತಿ. ಅದಕ್ಕ ಪಿನ್ 1ರಿಂದ ಎ0ಗೆ 4.7 ಕೆ ಸರಣಿಯಾಗಿ ಹಾಕ್ರಿ. ಪ್ಯಾನಲ್ ಮೀಟರ್ ಮಾತ್ರ ಆ ರೆಸಿಸ್ಟರ್‌ಗಿಂತ ಮೊದಲ, ಪಿನ್ 1ರ ಕಡೆ. ಇಲ್ಲಂದ್ರ ಮತ್ತ ವೋಲ್ಟೇಜ್ ಹಂಚಿಹೋಗತೈತಿ.

ಉತ್ತರ, ಬಾಗಲಕೋಟ:
5 ವೋಲ್ಟಿನಾಗ ನಡೀಬೇಕಂದ್ರ ಎಂಸಿಪಿ6002 ಆಪ್-ಆಂಪ್ ಹಾಕ್ರಿ. ಪಿನ್ ಜೋಡಣೆ ಅದ ಇರೂದರಿಂದ ಅದ ಸಾಕೆಟ್‌ನಾಗ ಕೂಡ್ರತೈತಿ, ಔಟ್‌ಪುಟ್ ಸಪ್ಲೈ ಹತ್ತಿರತನಕ ಏರತೈತಿ. ಇದಕ್ಕ 6 ವೋಲ್ಟ್ ಮಿತಿ. ಬ್ಯಾಟರಿ ಹಚ್ಚಿದ್ರ ಐಸಿ ಖಲಾಸ್. 741 ಆಪ್-ಆಂಪ್ ಹಾಕ್ರಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ, 5 ವೋಲ್ಟಿಗೆ ಅದು ನಡಿಯಂಗಿಲ್ಲ.

ಯಾವ ಐಸಿ ಇದ್ದರೂ 8, 4ರ ನಡುವ 100 ನ್ಯಾನೋಫ್ಯಾರಡ್ ಇರಲಿ, ಕಾಲಿಗೆ ಹತ್ತಿ. ಐಸಿಯೊಳಗಿನ ಎರಡನೇ ಆಪ್-ಆಂಪ್ ಖಾಲಿ ಬಿಡಬ್ಯಾಡ್ರಿ: ಪಿನ್ 6, 7 ಜೋಡಿಸಿ, 5 ಗ್ರೌಂಡಿಗೆ. ಮೀಟರಿಗೆ ಉದ್ದನ ಶೀಲ್ಡ್ ವೈರ್ ಹೋಗಿದ್ರ ಅದರ ಕೆಪ್ಯಾಸಿಟನ್ಸ್‌ಗೆ ಬಫರ್ ಆಂದೋಲನ ಶುರು ಮಾಡಬಹುದು. ಆ ವೈರಿಗೆ 100 ಓಮ್ ಹಾಕ್ರಿ, ಫೀಡ್‌ಬ್ಯಾಕ್ (ಪಿನ್ 2ಕ್ಕ ಹೋಗೂ ಜೋಡಣೆ) ಮಾತ್ರ ಪಿನ್ 1ರಿಂದಲೇ ಸೀದಾ ಇರಲಿ.

ಪ್ರಶ್ನೆ ಕೇಳಿದವರು:
2, 3ರ ನಡುವ 0.58 ಬಂತು. ಪಿನ್ 8 ಬ್ಯಾಟರಿಗೆ ಕೊಟ್ಟ ಮ್ಯಾಲೆ ಔಟ್‌ಪುಟ್ 4.20. ಮೊದಲ 4.17 ಯಾಕ ಇತ್ತು?

ಉತ್ತರ, ಬೆಳಗಾವಿ:
ಮಲ್ಟಿಮೀಟರಿನ 10 ಮೆಗ್ ಓಮ್ ಡಿವೈಡರ್ ಮ್ಯಾಲೆ ಲೋಡ್ ಆಗಿತ್ತರಿ. ಈಗ ಪಿನ್ 1ರಾಗ ಅಳೀತೀರಿ, ಆ ಲೋಡ್ ಆಪ್-ಆಂಪ್ ಹೊರತೈತಿ.